ಆರು ರಾಡು, ಆರು ಕ್ಯಾಪು

ನರಸಿಂಹ ಸ್ಟೇರಿಂಗು ಮುಟ್ಟದೆ ವರ್ಷವೇ ದಾಟಿತ್ತು. ಬಸ್ಸು ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತಿತ್ತು. ಎಂಜಿನ್ನಿಲ್ಲದ ಅದರ ಹೊಟ್ಟೆಯೊಳಗೆ ನಮ್ಮ ಕೆಂದು ಕೋಳಿ ಮೊಟ್ಟೆಯಿಡಲು ಜಾಗ ಮಾಡಿಕೊಂಡಿತ್ತು. ಮೊಟ್ಟೆ ತೆಗೆಯಲು ನಾನು ಬಗ್ಗಿದಾಗಲೆಲ್ಲ ಕರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು, ಮಗನ ಹಳೆಯ ಅಂಗಿಗಳ ವಾಸನೆಯಂತೆ.

ನಮ್ಮದು ಒಂದೇ ಬಸ್ಸು. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೋಗಿ ಬರುತ್ತಿತ್ತು. ನನ್ನ ಯಜಮಾನರು ಗೋಪಾಲಪ್ಪನವರು ಟಿಕೆಟ್ಟು, ಪರ್ಮಿಟ್ಟು ನೋಡಿಕೊಂಡರೆ ಗಾಡಿ ಓಡಿಸುವವನು ನಮ್ಮ ಒಬ್ಬನೇ ಮಗ ನರಸಿಂಹ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡಿಸಿದ. ಸಾಮಾನು ಸಿಗದೆ ಹಳೆಯ ಬೋಲ್ಟನ್ನೇ ಬಿಚ್ಚಿ, ಮತ್ತೆ ಅದನ್ನೇ ಬಿಗಿದು ಓಡಿಸಿದ. ಯುದ್ಧ ಮುಗಿಯುತ್ತಾ ಬಂದ ವರ್ಷ ಒಂದು ಬೆಳಿಗ್ಗೆ ಮಾರಸಂದ್ರದ ಇಳಿಜಾರಿನಲ್ಲಿ ಎಂಜಿನ್ನಿನಿಂದ ಟಕ್ ಟಕ್ ಎಂಬ ಸದ್ದು ಬಂತು. ನರಸಿಂಹನ ಕಿವಿಗೆ ಬಿತ್ತು. ಯಲಹಂಕದವರೆಗೆ ಹೋಗಿ ನೋಡೋಣ ಎಂದುಕೊಂಡ. ಅರ್ಧ ಮೈಲಿಯೂ ಹೋಗಲಿಲ್ಲ. ಕನೆಕ್ಟಿಂಗ್ ರಾಡಿನ ಬೋಲ್ಟು ಕಿತ್ತುಹೋಗಿ, ರಾಡು ಎಂಜಿನ್ನಿನ ಗೋಡೆಯನ್ನು ಒಡೆದುಕೊಂಡು ಹೊರಗೆ ಬಂತು. ಎಣ್ಣೆಗೆ ಬೆಂಕಿ ಹತ್ತಿತು. ಜನ ಕಿಟಕಿಯಿಂದ ಹಾರಿದರು. ದೇವರ ದಯೆ, ಯಾರೂ ಸಾಯಲಿಲ್ಲ. ಸಾಸಲು ಊರಿನ ಒಬ್ಬ ಮುದುಕನ ತೋಳಿನ ಮೂಳೆ ಮುರಿಯಿತು. ನರಸಿಂಹನೇ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಮುಂದಿನ ಹಳ್ಳಿಯವರೆಗೆ ನಡೆದ.

ಅಂದಿನಿಂದ ಅವನದು ಒಂದೇ ಮಾತು. "ಜನ ಕೂತ್ಕೊಂಡಿರೋ ಗಾಡಿ ನಾನು ಓಡಿಸಲ್ಲಮ್ಮ. ಸದ್ದು ಕೇಳಿಸ್ತು ನಂಗೆ. ಕೇಳಿಸ್ಕೊಂಡೂ ಹೋದೆ."

ರಾತ್ರಿ ಹೊತ್ತು ಬಾವಿಯ ರಾಟೆ ಗಾಳಿಗೆ ಕಿರ್ ಎಂದರೂ ಅವನು ಎದ್ದು ಕೂರುತ್ತಿದ್ದ. ಅಕ್ಕಿ ಕೇರುವಾಗ ಮೊರದ ಸದ್ದು ನಿಂತು ಮತ್ತೆ ಶುರುವಾದರೆ ತಲೆಯೆತ್ತಿ ನೋಡುತ್ತಿದ್ದ. ಇಪ್ಪತ್ತಮೂರು ವರ್ಷದ ಹುಡುಗ.

ಯುದ್ಧ ಮುಗಿದ ಮರುವರ್ಷ ಬೆಂಗಳೂರಿನಲ್ಲಿ ಮಿಲಿಟರಿ ಸಾಮಾನು ಹರಾಜಾದಾಗ ಯಜಮಾನರು ಒಂದು ಆರು ಸಿಲಿಂಡರಿನ ಎಂಜಿನ್ನು ತಂದರು. ಯಾವುದೋ ವೇಗದ ಮಿಲಿಟರಿ ಗಾಡಿಯದಂತೆ. ನಮ್ಮ ಹಳೆಯದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಜೋರಾಗಿ ಸುತ್ತುವಂಥದು. ನೀರು ನುಗ್ಗಿ ಅದರ ರಾಡುಗಳು ತುಕ್ಕು ಹಿಡಿದಿದ್ದವು. ಅದಕ್ಕೆಂದು ಬಿಡಿ ರಾಡುಗಳ ಒಂದು ಪೆಟ್ಟಿಗೆಯೂ ಜೊತೆಗೆ ಬಂತು. ಗಾಡಿಯಿಂದ ಎಲ್ಲವನ್ನೂ ಇಳಿಸಿದ ಮೇಲೆ ಯಜಮಾನರು ಊಟಕ್ಕೆ ಕೂತು, ಮಗನ ಮುಖ ನೋಡದೆ, ನನಗೆ ಹೇಳಿದರು.

"ವಿಜಯದಶಮಿ ಆದ್ಮೇಲಿನ ಸೋಮವಾರ ಬಸ್ಸು ರಸ್ತೆಗಿಳೀಬೇಕು. ಇವನು ಓಡಿಸ್ತೀನಿ ಅಂದ್ರೆ ಸರಿ. ಇಲ್ದಿದ್ರೆ ಯಲಹಂಕದಲ್ಲಿ ಒಬ್ಬ ಡ್ರೈವರ್‌ನ ನೋಡಿಟ್ಟಿದ್ದೀನಿ. ಅವನು ಕೂತ ಮೇಲೆ ಆ ಸೀಟು ಮತ್ತೆ ಇವನಿಗೆ ಬಿಟ್ಟುಕೊಡು ಅಂತ ಯಾರೂ ನನ್ನ ಕೇಳ್ಬಾರ್ದು."

ನರಸಿಂಹ ಮಜ್ಜಿಗೆ ಅನ್ನ ಕಲಸುತ್ತಲೇ ಇದ್ದ. ತಲೆಯೆತ್ತದೆ ಅಂದ, "ಹಬೀಬಣ್ಣ ನನ್ನ ಕಣ್ಣ ಮುಂದೆ ಕಟ್ಲಿ. ಪ್ರತಿಯೊಂದು ಬೋಲ್ಟೂ ನಾನು ನೋಡ್ತೀನಿ. ಆಮೇಲೆ ಹೇಳ್ತೀನಿ."

ಅಷ್ಟು ಸಾಕಾಗಿತ್ತು ನನಗೆ.

ಹಬೀಬುಲ್ಲಾ ನಮ್ಮ ಪೇಟೆಯ ಮೆಕ್ಯಾನಿಕ್ಕು. ಯುದ್ಧದ ಕಾಲದಲ್ಲಿ ಬೆಂಗಳೂರಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ಬಂದಿದ್ದರು. ದೊಡ್ಡ ಹೊಟ್ಟೆ, ಮೃದು ಮಾತು. ಮರುದಿನವೇ ಬಂದು ಪೆಟ್ಟಿಗೆ ಒಡೆದು, ಒಂದು ರಾಡು ಎತ್ತಿ ನನಗೂ ತೋರಿಸಿದರು.

"ನೋಡಮ್ಮಾ, ಪಿಸ್ಟನ್ನು ಮೇಲೆ ಕೆಳಗೆ ಕುಣಿಯುತ್ತೆ. ಕ್ರ್ಯಾಂಕು ಗಿರಗಿರ ಸುತ್ತುತ್ತೆ. ಎರಡನ್ನೂ ಹಿಡ್ಕೊಂಡಿರೋ ಕೈ ಇದು. ಈ ತುದಿ ಪಿಸ್ಟನ್ನಿಗೆ. ಈ ದೊಡ್ಡ ತುದಿ ಕ್ರ್ಯಾಂಕಿಗೆ. ಇದು ಎರಡು ಹೋಳು. ಕೆಳಗಿನ ಹೋಳಿಗೆ ಕ್ಯಾಪು ಅಂತಾರೆ. ಎರಡು ಬೋಲ್ಟಲ್ಲಿ ಮುಷ್ಟಿ ಹಂಗೆ ಬಿಗೀತೀವಿ."

"ಆ ಮುಷ್ಟಿ ಬಿಟ್ಟುಬಿಟ್ರೆ?" ಅಂದೆ.

"ಅದು ನಿಮ್ಮ ಮಗನ್ನ ಕೇಳಿ," ಎಂದು ಹೇಳಲು ಹೋಗಿ, ನರಸಿಂಹ ಪಕ್ಕದಲ್ಲೇ ಇರುವುದು ನೆನಪಾಗಿ, ರಾಡನ್ನು ಒರೆಸತೊಡಗಿದರು.

ಪೆಟ್ಟಿಗೆಯಲ್ಲಿ ಹನ್ನೆರಡು ರಾಡುಗಳಿದ್ದವು, ಪ್ರತಿಯೊಂದಕ್ಕೂ ಕ್ಯಾಪು ಬಿಗಿದೇ ಇತ್ತು. ಅವುಗಳಲ್ಲಿ ಆರನ್ನು ಆರಿಸಬೇಕು. ಮಡಕೆ ಕೊಳ್ಳುವಾಗ ನಾವು ಮಾಡುವ ಹಾಗೆಯೇ ಹಬೀಬಣ್ಣ ಒಂದೊಂದನ್ನೂ ತಂತಿಗೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಗಂಟೆಯ ಹಾಗೆ ನುಡಿದದ್ದು ಒಂದು ಕಡೆ, ಒಡಕು ದನಿಯದು ಇನ್ನೊಂದು ಕಡೆ. ಆಮೇಲೆ ಸೀಮೆಎಣ್ಣೆಯಲ್ಲಿ ಅದ್ದಿಟ್ಟು, ತೆಗೆದು ಒರೆಸಿ, ಬಿಳಿ ಪುಡಿ ಉದುರಿಸಿದರು. ಆ ಪುಡಿಗಾಗಿ ನಾನು ಸೀಮೆಸುಣ್ಣವನ್ನು ಒರಳಿನಲ್ಲಿ ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು ಕೊಟ್ಟಿದ್ದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗೆ ಸೇರಿದ ಎಣ್ಣೆ ನಿಧಾನವಾಗಿ ಪುಡಿಯ ಮೇಲೆ ಕೂದಲಿನಂಥ ಗೆರೆ ಎಳೆಯುತ್ತದಂತೆ. ಒಂದು ರಾಡಿನ ಮೇಲೆ ಹಾಗೆ ಗೆರೆ ಮೂಡಿತು. ನರಸಿಂಹ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದ.

"ಹೊರಗಿಂದ ನೋಡಿದ್ರೆ ಏನೂ ಇಲ್ಲ ಅಲ್ವಾ ಹಬೀಬಣ್ಣ?"

"ಏನೂ ಇಲ್ಲ ಬೇಟಾ. ಅದಕ್ಕೇ ಪುಡಿ ಹಾಕೋದು."

ಮೂರನೆಯದು ತೂಕ. ಈ ವೇಗದ ಎಂಜಿನ್ನಿನಲ್ಲಿ ಒಂದು ರಾಡು ಭಾರ, ಒಂದು ಹಗುರವಾದರೆ ಇಡೀ ಎಂಜಿನ್ನು ನಡುಗುತ್ತದೆ, ಬೋಲ್ಟು ಸಡಿಲಾಗುತ್ತದೆ. ಬೀದಿಯ ನೇಕಾರರ ಮನೆಯಿಂದ ರೇಷ್ಮೆ ಲಡಿ ತೂಗುವ ತಕ್ಕಡಿ ತಂದೆ. ಕಲ್ಲು ಬೇಕಿರಲಿಲ್ಲ. ಒಂದು ತಟ್ಟೆಯಲ್ಲಿ ಒಂದು ರಾಡು, ಇನ್ನೊಂದರಲ್ಲಿ ಇನ್ನೊಂದು. ಮುಳ್ಳು ನೆಟ್ಟಗೆ ನಿಂತವು ಜೊತೆಯಾದವು. ಹಾಗೆ ಆರು ಸಿಕ್ಕವು. ಕ್ರ್ಯಾಂಕು ನುಣುಪಾಗಿ ಸುತ್ತಲೆಂದು ದೊಡ್ಡ ತುದಿಯ ಒಳಗೆ ಹೊಯ್ದಿರುವ ಮೆತ್ತನೆಯ ಬಿಳಿಲೋಹ ಹಳೆಯದಾಗಿತ್ತು, ಅದನ್ನು ಕರಗಿಸಿ ತೆಗೆದರು. ಹೊಸದನ್ನು ಹಬ್ಬ ಕಳೆದ ಮೇಲೆ ಎರಕ ಹೊಯ್ಯುವುದೆಂದಾಯಿತು. ನರಸಿಂಹ ಅವುಗಳ ಮೈಮೇಲಿನ ಗೀರುಗಳನ್ನೆಲ್ಲ ಎಮರಿ ಬಟ್ಟೆಯಿಂದ ಉದ್ದುದ್ದಕ್ಕೆ ತಿಕ್ಕಿ ನುಣುಪು ಮಾಡಿದ. ಅಡ್ಡಕ್ಕೆ ತಿಕ್ಕಬಾರದು, ಅಡ್ಡ ಗೀರಿನಿಂದಲೇ ಬಿರುಕು ಶುರುವಾಗುತ್ತದೆ ಎಂದು ಹಬೀಬಣ್ಣ ಪದೇ ಪದೇ ಹೇಳುತ್ತಿದ್ದರು. ಯಾವ ಕ್ಯಾಪು ಯಾವ ರಾಡಿನದೆಂದು ಉಳಿಯಿಂದ ಗುರುತು ಹೊಡೆಯಲೂ ಅದೇ ಕಾರಣಕ್ಕೆ ಅವರಿಗೆ ಮನಸ್ಸಿರಲಿಲ್ಲ. ರಾಡಿಗೂ ಅದರ ಕ್ಯಾಪಿಗೂ ಕೆಂಪು ಬಣ್ಣದಲ್ಲಿ ಒಂದು ಚುಕ್ಕೆ, ಎರಡು ಚುಕ್ಕೆ ಎಂದು ಆರರವರೆಗೆ ಇಟ್ಟು, ರಾಡಿನ ಬುಡದಲ್ಲಿ ಅದರದರ ಕ್ಯಾಪು ಇರಿಸಿ, ಗೋಣಿಯ ಮೇಲೆ ಸಾಲಾಗಿ ಜೋಡಿಸಿ, "ನಾಳೆ ಆಯುಧಪೂಜೆ, ಉಪಕರಣ ಮುಟ್ಟಲ್ಲ. ನಾನು ದೇವನಹಳ್ಳೀಲಿ ತಂಗಿ ಮನೆಗೆ ಹೋಗಿ ನಾಡಿದ್ದು ಬರ್ತೀನಿ," ಎಂದು ಹೊರಟರು.

ಮರುದಿನ ಬೆಳಿಗ್ಗೆ ನಾನು ಒಬ್ಬಟ್ಟಿಗೆ ಬೇಳೆ ಬೇಯಿಸುತ್ತಿದ್ದೆ. ಯಜಮಾನರು ಹೂವು ತರಲು ಹೋಗಿದ್ದರು, ನರಸಿಂಹ ಬಸ್ಸು ತೊಳೆಯಲು ನೀರು ಸೇದುತ್ತಿದ್ದ. ಹಿಂದುಗಡೆ ನಮ್ಮ ಅತ್ತೆ ಅಕ್ಕಯಮ್ಮನವರ ಬಳೆಯ ಸದ್ದು ಕೇಳುತ್ತಲೇ ಇತ್ತು. ಪಾತ್ರೆ ಬೆಳಗುತ್ತಿದ್ದಾರೆ ಎಂದುಕೊಂಡೆ. ಅತ್ತೆಗೆ ಎಪ್ಪತ್ತರ ಮೇಲಾಗಿತ್ತು. ಹಬ್ಬದ ದಿನ ಮನೆಯಲ್ಲಿ ಹೊಳೆಯದ ವಸ್ತು ಇರಕೂಡದು ಅವರಿಗೆ.

"ಗಂಗೂ, ಬಾರೇ ಇಲ್ಲಿ, ನೋಡು!" ಎಂದು ಕರೆದರು.

ಹೋಗಿ ನೋಡಿದರೆ ಶೆಡ್ಡಿನಲ್ಲಿ ರಂಗೋಲಿ ಹಾಕಿ, ಮಣೆಯ ಮೇಲೆ ಆರೂ ರಾಡುಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಬೆಳ್ಳಿಯಂತೆ ಹೊಳೆಯುತ್ತಿದ್ದವು. ಮುಂದೆ ಆರು ಕ್ಯಾಪುಗಳನ್ನು ಅರ್ಧಚಂದ್ರದ ಹಾಗೆ ಜೋಡಿಸಿ ಒಂದೊಂದರ ಮಡಿಲಲ್ಲೂ ಒಂದೊಂದು ಚೆಂಡುಹೂವು ಇಟ್ಟಿದ್ದರು. ಎಲ್ಲಕ್ಕೂ ವಿಭೂತಿ, ನಡುವೆ ಕುಂಕುಮ.

ನನ್ನ ಹಿಂದೆ ಬಿಂದಿಗೆ ದಡಾರೆಂದಿತು. ನರಸಿಂಹ ನಿಂತಿದ್ದ.

"ಅಜ್ಜಿ, ಚುಕ್ಕೆ ಇತ್ತಲ್ಲ, ಕೆಂಪು ಚುಕ್ಕೆ?"

"ಅದೇ ಕಣೋ! ನಿಮ್ಮ ಹಬೀಬ ಪಾಪ, ನಮ್ಮ ಹಬ್ಬ ಅಂತ ತಾನೇ ಕುಂಕುಮ ಇಟ್ಟುಹೋಗಿದ್ದ. ಅವನಿಗೇನು ಗೊತ್ತಾಗುತ್ತೆ, ಒಂದಕ್ಕೆ ಒಂದು ಬೊಟ್ಟು, ಇನ್ನೊಂದಕ್ಕೆ ಐದಾರು ಬೊಟ್ಟು, ಎಲ್ಲಾ ಅಡ್ಡಾದಿಡ್ಡಿ! ಎಣ್ಣೆ ಬೇರೆ ಕಲಸಿದ್ದ. ಹುಣಸೇಹಣ್ಣು, ಬೂದಿ ಹಾಕಿ ತೆಂಗಿನ ನಾರಲ್ಲಿ ತಿಕ್ಕಿ ತಿಕ್ಕಿ ಕೈ ಬಿದ್ದುಹೋಯ್ತು. ಈಗ ನೋಡು, ಎಲ್ಲಕ್ಕೂ ಒಂದೇ ಸಮ."

ನರಸಿಂಹ ಮಣೆಯ ಮುಂದೆ ಕೂತ. ಕೈ ಚಾಚಿ, ಮುಟ್ಟದೆ, ಹಿಂದಕ್ಕೆ ತೆಗೆದುಕೊಂಡ. ಅವನ ಮುಖ ನೋಡಿ ಅತ್ತೆಯ ದನಿ ಇಳಿಯಿತು. "ಯಾಕೋ? ಏನಾಯ್ತೋ?"

"ಏನಿಲ್ಲ ಅಜ್ಜಿ. ಚೆನ್ನಾಗಿದೆ."

ಎದ್ದು ನನ್ನ ಬಳಿ ಬಂದು ಮೆಲ್ಲಗೆ ಹೇಳಿದ, "ಬಿಡಮ್ಮ. ಅಪ್ಪ ಆ ಯಲಹಂಕದವನ್ನೇ ಕರೆಸ್ಲಿ. ಒಂದರ ಕ್ಯಾಪು ಇನ್ನೊಂದಕ್ಕೆ ಹಾಕಿದ್ರೆ ಹೊರಗಿಂದ ಗೊತ್ತೇ ಆಗಲ್ಲ. ಓಡ್ತಾ ಓಡ್ತಾ ಕಿತ್ಕೊಂಡು ಬರುತ್ತೆ. ಮತ್ತೆ ಅದೇ."

ಹಬ್ಬದೂಟ ಯಾರಿಗೂ ರುಚಿಸಲಿಲ್ಲ. ತಾವು ಮಾಡಿದ್ದೇನೆಂದು ಅತ್ತೆಗೆ ಅಷ್ಟಿಷ್ಟು ತಿಳಿದು, ಒಬ್ಬಟ್ಟು ಮುಟ್ಟದೆ ಕಂಬಕ್ಕೆ ಒರಗಿ ಕೂತರು. ನರಸಿಂಹ ತನ್ನ ಎಲೆಯ ಒಬ್ಬಟ್ಟನ್ನು ಮುರಿದು ಅಜ್ಜಿಯ ಬಾಯಿಗಿಟ್ಟ. ಆದರೂ ಶೆಡ್ಡಿನ ಕಡೆ ಮತ್ತೆ ಹೋಗಲಿಲ್ಲ.

ವಿಜಯದಶಮಿಯ ದಿನ ಬೆಳಿಗ್ಗೆ ಹಬೀಬಣ್ಣ ಬಂದರು. ಮಣೆಯ ಮುಂದೆ ನಿಂತು, ಟೋಪಿ ತೆಗೆದು ತಲೆ ಕೆರೆದುಕೊಂಡರು. ನಾನು ಎಲ್ಲ ಹೇಳಿದೆ. ಅತ್ತೆ ಬಾಗಿಲ ಸಂದಿಯಿಂದ ನೋಡುತ್ತಿದ್ದರು.

"ಅಜ್ಜೀ," ಎಂದು ಕೂಗಿದರು ಹಬೀಬಣ್ಣ, "ನನ್ನ ಕುಂಕುಮ ಅಷ್ಟು ಕೆಟ್ಟದಾಗಿತ್ತಾ?"

"ಕೆಟ್ಟದಾಗಿತ್ತು," ಎಂದು ಒಳಗಿನಿಂದಲೇ ಉತ್ತರ ಬಂತು.

ಅವರು ನಕ್ಕರು. ಆಮೇಲೆ ನರಸಿಂಹನನ್ನು ಕರೆದರು. ಅವನು ಬಾಗಿಲಲ್ಲೇ ನಿಂತ.

"ಬಾ ಇಲ್ಲಿ. ಕೂತ್ಕೋ. ಇವು ಹುಟ್ಟುವಾಗ ರಾಡು, ಕ್ಯಾಪು ಎರಡನ್ನೂ ಒಟ್ಟಿಗೆ ಬಿಗಿದು ಒಂದೇ ಸಲ ಒಳಗೆ ಕೊರೆದಿರ್ತಾರೆ. ಅದಕ್ಕೇ ಒಂದರ ಕ್ಯಾಪು ಇನ್ನೊಂದಕ್ಕೆ ಸರಿಯಾಗಿ ಕೂರಲ್ಲ. ಬೋಲ್ಟು ಹಾಕಿ ಬಿಗಿ. ಒಳಗಿನ ಸಂದಿ ಮೇಲೆ ಉಗುರು ಎಳಿ. ಏನೂ ತಗಲ್ದೆ ಜಾರಿದ್ರೆ ಜೋಡಿ. ಹೊಸ್ತಿಲು ಎಡವಿದಂಗೆ ತಗಲಿದ್ರೆ ಅಲ್ಲ."

"ನೀವೇ ನೋಡಿ ಹಬೀಬಣ್ಣ."

ಹಬೀಬಣ್ಣ ತಮ್ಮ ಕೈಯನ್ನು ಅವನ ಮುಂದೆ ಚಾಚಿದರು. ಉಗುರುಗಳು ಸವೆದು ಮಾಂಸದೊಳಗೆ ಹೋಗಿದ್ದವು. ಬೆರಳ ತುದಿ ಚಪ್ಪಲಿಯ ಅಟ್ಟೆಯಂತಿತ್ತು. "ಇದಕ್ಕೆ ಕಲ್ಲೂ ಒಂದೇ ಬೆಣ್ಣೇನೂ ಒಂದೇ. ನಿಂದು ಒಂದು ವರ್ಷದಿಂದ ಕೆಲಸ ಇಲ್ಲದ ಕೈ ಅಲ್ವಾ, ಹೂವಿನಂಗಿದೆ. ಕೊಡು ಇಲ್ಲಿ."

ಆ ಕುಟುಕು ಅವನಿಗೆ ತಗಲಿತು. ಬಂದು ಕೂತ.

ಅಂದು ಇಡೀ ಬೆಳಿಗ್ಗೆ ಅವರಿಬ್ಬರೂ ಶೆಡ್ಡಿನಿಂದ ಏಳಲಿಲ್ಲ. ನಾನು ಒಮ್ಮೆ ಮಜ್ಜಿಗೆ ಕೊಡಲು, ಒಮ್ಮೆ ಒಗೆದ ಬಟ್ಟೆ ಒಣಹಾಕಲು, ಒಮ್ಮೆ ಕಾರಣವೇ ಇಲ್ಲದೆ ಹೋಗಿ ನೋಡಿ ಬಂದೆ. ನರಸಿಂಹ ಕಣ್ಣು ಮುಚ್ಚಿಕೊಂಡು ಉಗುರು ಎಳೆಯುತ್ತಿದ್ದ. ತಗಲಿತು, ಬಿಚ್ಚು. ಇನ್ನೊಂದು ಹಾಕು, ಬಿಗಿ. ತಿರುಗಿಸಿ ಹಾಕು. ತಗಲಿತು, ಬಿಚ್ಚು. ಮೊದಲ ಜೋಡಿ ಸಿಕ್ಕಿದಾಗ ಮತ್ತೆ ಮತ್ತೆ ಉಗುರಾಡಿಸಿ ನೋಡಿದ. ಎರಡನೆಯದು ಸಿಕ್ಕಿದಾಗ "ಇದು" ಎಂದ. ಮೂರನೆಯದಕ್ಕೆ ಹಬೀಬಣ್ಣನ ಕಡೆ ನೋಡದೆ ತಾನೇ ಪಕ್ಕಕ್ಕಿಟ್ಟ. ಊಟದ ಹೊತ್ತಿಗೆ ಐದು ಜೋಡಿ ಸಾಲಾಗಿ ಮಲಗಿದ್ದವು.

"ಉಳಿದದ್ದು ಒಂದು ರಾಡು, ಒಂದು ಕ್ಯಾಪು. ಅದು ಜೋಡಿನೇ. ಏಳು, ಊಟ ಮಾಡೋಣ," ಎಂದರು ಹಬೀಬಣ್ಣ.

"ನೋಡಿಬಿಡ್ತೀನಿ," ಎಂದು ನರಸಿಂಹ ಅದನ್ನೂ ಬಿಗಿದ. ಉಗುರು ಎಳೆದ. ನಿಂತ. ಕ್ಯಾಪನ್ನು ತಿರುಗಿಸಿ ಹಾಕಿ ಎಳೆದ.

"ತಗಲ್ತಿದೆ."

"ತಗಲೋ ಹಾಗಿಲ್ವಲ್ಲೋ."

"ತಗಲ್ತಿದೆ ಹಬೀಬಣ್ಣ."

ಹಾಗಾದರೆ ಐದರಲ್ಲಿ ಎಲ್ಲೋ ತಪ್ಪಾಗಿದೆ ಎಂದು ಅವರು ಹೇಳಿದರು. ನರಸಿಂಹ ಒಪ್ಪಲಿಲ್ಲ. ಒಪ್ಪದಿದ್ದರೂ ಐದನ್ನೂ ಬಿಚ್ಚಿ, ಉಳಿದ ಕ್ಯಾಪನ್ನು ಒಂದೊಂದು ರಾಡಿಗೂ ಹಾಕಿ ನೋಡಿದ. ಯಾವುದಕ್ಕೂ ಕೂರಲಿಲ್ಲ. ಐದು ಜೋಡಿಗಳು ಮತ್ತೆ ಅವೇ ಜೋಡಿಗಳಾದವು. ಸಾರು ಆರಿಹೋಗಿತ್ತು. ನಾನು ಕರೆಯಲಿಲ್ಲ.

ಕೊನೆಗೆ ಅವನು ಎದ್ದು ಮೂಲೆಯಲ್ಲಿದ್ದ ಪೆಟ್ಟಿಗೆಯಿಂದ, ತೂಕ ಹೊಂದದ್ದಕ್ಕೆ ಬಿಟ್ಟಿದ್ದ ರಾಡುಗಳನ್ನು ತಂದ. ಅವುಗಳ ಕ್ಯಾಪು ಬಿಚ್ಚಿ, ಒಳಗಿನ ಬಿಳಿಲೋಹವನ್ನೂ ಕರಗಿಸಿ ತೆಗೆದು, ಒಂದಕ್ಕೆ ಆ ಕ್ಯಾಪು ಬಿಗಿದು ಉಗುರೆಳೆದ. ಇನ್ನೊಂದಕ್ಕೆ ಹಾಕಿದ. ಮೂರನೆಯದರಲ್ಲಿ ಅವನ ಬೆರಳು ಸರ್ರನೆ ಜಾರಿತು.

"ಇದರದು. ಇದರದು ಇದು!" ಎಂದ. "ಅಜ್ಜಿ ತೊಳೆಯೋ ಮುಂಚೇನೇ ತಪ್ಪಾಗಿತ್ತು. ಪೆಟ್ಟಿಗೇಲೇ ಅದಲುಬದಲಾಗಿ ಬಂದಿತ್ತು."

ಹಬೀಬಣ್ಣ ಎರಡನ್ನೂ ತೆಗೆದುಕೊಂಡು, ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ, ಗೋಣಿಯ ಮೇಲೆ ಕೂತುಬಿಟ್ಟರು. "ಬೋಲ್ಟು ಹಾಕ್ಕೊಂಡೇ ಬಂದಿತ್ತಲ್ಲ. ಜೋಡಿ ಅಂದ್ಕೊಂಡೆ. ನಾನು ನೋಡ್ಲೇ ಇಲ್ಲ. ಹಂಗೇ ಬಿಳಿಲೋಹ ಹೊಯ್ದುಬಿಟ್ಟಿದ್ರೆ ಈ ತಗಲು ಅದರಡೀಲಿ ಮುಚ್ಚಿಹೋಗ್ತಿತ್ತು. ನೀನೂ ಹುಡುಕ್ತಿರ್ಲಿಲ್ಲ, ನಾನೂ ಹುಡುಕ್ತಿರ್ಲಿಲ್ಲ."

ಮಗ ಮತ್ತೆ ಹೆದರಿ ಎದ್ದುಹೋಗುತ್ತಾನೋ ಎಂದುಕೊಂಡೆ. ಅವನು ಎದ್ದ. ಎದ್ದು ತಕ್ಕಡಿ ತಂದ.

"ಇದು ಎಷ್ಟು ಭಾರ ಇದೆ ನೋಡೋಣ. ಹೆಚ್ಚಿರೋದನ್ನ ಅರ ಹಾಕಿ ತೆಗೀಬಹುದಲ್ಲ?"

"ತೆಗೀಬಹುದು. ಕ್ಯಾಪಿನ ಕೆಳಗಿರೋ ಗುಬುಟು ಇದೆಯಲ್ಲ, ಅಲ್ಲಿ. ಮೈಮೇಲೆ ಮುಟ್ಬೇಡ."

"ಉದ್ದಕ್ಕೆ, ಗೊತ್ತು."

ಆಗ ಅತ್ತೆ ಒಳಗಿನಿಂದ ಹೊರಗೆ ಬಂದರು. ಸೆರಗು ಸರಿಮಾಡಿಕೊಂಡು ಮಣೆಯ ಪಕ್ಕ ನಿಂತು ಕೇಳಿದರು, "ಅಂದ್ರೆ ನಾನು ತೊಳೀದಿದ್ರೆ ಗೊತ್ತೇ ಆಗ್ತಿರ್ಲಿಲ್ಲ ಅನ್ನಿ?"

"ಅಜ್ಜೀ, ಬರೋ ವರ್ಷ ಗೇರ್‌ಬಾಕ್ಸು ಬಿಚ್ಚಿಡ್ತೀನಿ. ಅದನ್ನೂ ತೊಳೆದುಕೊಡಿ," ಎಂದರು ಹಬೀಬಣ್ಣ.

"ಮುಂಚೇನೇ ಹೇಳು. ಜಾಸ್ತಿ ಹುಣಸೇಹಣ್ಣು ನೆನೆಹಾಕ್ತೀನಿ."

ನರಸಿಂಹ ನಕ್ಕ. ಅರ ಹಿಡಿದ ಕೈ ನಿಲ್ಲಿಸಿ ನಕ್ಕ.

ಬಿಳಿಲೋಹವನ್ನು ನನ್ನ ಒಲೆಯ ಮೇಲೆಯೇ ಕರಗಿಸಿದರು. ಹದ ನೋಡಲು ತೆಂಗಿನ ಗರಿಯ ಕಡ್ಡಿ ಅದ್ದುತ್ತಿದ್ದರು. ಕಡ್ಡಿ ಕಂದು ಬಣ್ಣಕ್ಕೆ ತಿರುಗಿದರೆ ಹದ, ಹೊತ್ತಿಕೊಂಡರೆ ಹೆಚ್ಚು. ಎರಕ ಹೊಯ್ದ ಮೇಲೆ ಕ್ರ್ಯಾಂಕಿಗೆ ನೀಲಿ ಬಣ್ಣ ಹಚ್ಚಿ, ಅದರ ಮೇಲೆ ರಾಡು ಕೂರಿಸಿ, ನೀಲಿ ಅಂಟಿದ ಕಡೆ ಕೆರೆದು, ಮತ್ತೆ ಕೂರಿಸಿ, ಮತ್ತೆ ಕೆರೆದು ಸಮ ಮಾಡಿದರು. ಬೋಲ್ಟುಗಳೆಲ್ಲ ಹೊಸವು. ನಟ್ಟು ಸಡಿಲಾಗದಂತೆ ಚುಚ್ಚುವ ಪಿನ್ನುಗಳನ್ನು ನರಸಿಂಹ ಒಂದೊಂದನ್ನೂ ತಾನೇ ಬಗ್ಗಿಸಿದ. ಯಜಮಾನರು ಬಾಗಿಲಲ್ಲಿ ನಿಂತು ನೋಡಿ, "ಹಳೇ ಪಿನ್ನು ಚೆನ್ನಾಗೇ ಇದ್ವಲ್ಲೋ," ಎಂದರು. "ಒಂದ್ಸಲ ಬಗ್ಗಿದ ಪಿನ್ನು ಎರಡನೇ ಸಲ ಮುಟ್ಟಲ್ಲಪ್ಪ," ಎಂದ. ಅಪ್ಪನ ಎದುರು ಅವನು ಅಷ್ಟು ಖಡಾಖಂಡಿತವಾಗಿ ಮಾತಾಡಿ ಬಹಳ ದಿನವಾಗಿತ್ತು. ಯಜಮಾನರು ಮೀಸೆ ತಿರುವಿಕೊಂಡು ಹೋದರು.

ಎಂಜಿನ್ನನ್ನು ಬಸ್ಸಿನ ಹೊಟ್ಟೆಗೆ ಕೂರಿಸಿದರು, ಭಾನುವಾರ ಮಧ್ಯಾಹ್ನ ಅದು ಸ್ಟಾರ್ಟಾಯಿತು. ಕೋಳಿ ಕೂಗಿಕೊಂಡು ಬೇಲಿ ಹಾರಿತು. ಹೊಸ ಎಂಜಿನ್ನನ್ನು ಮೊದಲಿಗೆ ನಿಧಾನವಾಗಿ, ಭಾರವಿಲ್ಲದೆ ಪಳಗಿಸಬೇಕೆಂದು ಖಾಲಿ ಬಸ್ಸನ್ನು ತೆಗೆದುಕೊಂಡು ಹೊರಟರು. ಹಬೀಬಣ್ಣ ಎಂಜಿನ್ನಿನ ಪಕ್ಕ ಕೂತರು. ನಾನೂ ಹತ್ತಿದೆ.

"ನೀನ್ಯಾಕಮ್ಮ?"

"ಯಾಕೆ, ನಾನು ಬರಬಾರದಾ?"

ಅವನು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ಬಸ್ಸು ಹೊರಡಿಸಿದ.

ಬಾಶೆಟ್ಟಿಹಳ್ಳಿ ದಾಟಿದೆವು. ಎರಡೂ ಕಡೆ ರಾಗಿ ಹೊಲ ಹಸಿರಾಗಿ ನಿಂತಿತ್ತು. ಮಾರಸಂದ್ರದ ಇಳಿಜಾರು ಬಂದಾಗ ಅವನು ವೇಗ ಇಳಿಸಿ, ತಲೆಯನ್ನು ಸ್ವಲ್ಪ ಓರೆ ಮಾಡಿ ಕೇಳುತ್ತಾ ಹೋದ. ನಾನೂ ಕಿವಿಗೊಟ್ಟು ಕೇಳಿದೆ. ಒಂದೇ ಸಮನಾದ ಗುಂಯ್ ಎಂಬ ಸದ್ದು, ಅಷ್ಟೇ. ಹಬೀಬಣ್ಣ ಕೂತಲ್ಲೇ ತೂಕಡಿಸುತ್ತಿದ್ದರು. ಅವರನ್ನು ನೋಡಿ ನನಗೆ ಧೈರ್ಯ ಬಂತು. ರಾಜಾನುಕುಂಟೆಯಲ್ಲಿ ನಿಲ್ಲಿಸಿ, ಬಾನೆಟ್ಟು ಎತ್ತಿ, ಎಣ್ಣೆ ನೋಡಿ, ಎಂಜಿನ್ನಿನ ತಳಕ್ಕೆ ಕೈಯಿಟ್ಟು ಬಿಸಿ ನೋಡಿ, ಬಸ್ಸು ತಿರುಗಿಸಿದ.

ಹಿಂದಿರುಗುವಾಗ ಮಾರಸಂದ್ರದ ಹುಣಸೆ ಮರದ ಕೆಳಗೆ ಒಬ್ಬ ಹೆಂಗಸು ಕೈ ಅಡ್ಡ ಹಿಡಿದಳು. ಕಂಕುಳಲ್ಲಿ ಮಗು, ತಲೆಯ ಮೇಲೆ ಗಂಟು. ಬಸ್ಸು ಅವಳನ್ನು ದಾಟಿ ಮುಂದಕ್ಕೆ ಹೋಯಿತು. ಇದು ಟ್ರಯಲ್ ಗಾಡಿ, ಜನರನ್ನು ಹತ್ತಿಸುವ ಮಾತೇ ಇರಲಿಲ್ಲ. ನಾನು ಹಿಂತಿರುಗಿ ನೋಡಿದೆ. ಅವಳು ಧೂಳಿನಲ್ಲಿ ಸೆರಗನ್ನು ಮಗುವಿನ ಮುಖಕ್ಕೆ ಹಿಡಿದು ನಿಂತಿದ್ದಳು. ಮಗನಿಗೆ ಹೇಳಬೇಕೆನಿಸಿತು, ತಡೆದುಕೊಂಡೆ.

ಬ್ರೇಕು ಬಿತ್ತು. ಹಬೀಬಣ್ಣ ಮುಗ್ಗರಿಸಿ ಕಣ್ಣು ಬಿಟ್ಟರು. ನರಸಿಂಹ ಬಸ್ಸನ್ನು ಹಿಂದಕ್ಕೆ ತಂದು ಅವಳ ಪಕ್ಕದಲ್ಲಿ ನಿಲ್ಲಿಸಿದ.

"ಕಣ್ಣು ಕಾಣಲ್ವೇನಪ್ಪಾ? ಬೆಳಗಿಂದ ನಿಂತಿದ್ದೀನಿ, ನೋಡ್ದಂಗೆ ಹೋಗ್ತೀಯಲ್ಲ!" ಎಂದಳು ಅವಳು.

"ಹತ್ತಕ್ಕ, ಹತ್ತು. ಗಂಟು ಕೊಡು ಇಲ್ಲಿ. ಮಗೂನ ಗಟ್ಟಿಯಾಗಿ ಹಿಡ್ಕೊ."

ಅವಳು ನನ್ನ ಪಕ್ಕದಲ್ಲಿ ಕೂತಳು. ಮಗು ನನ್ನ ಬಳೆ ಹಿಡಿದುಕೊಂಡಿತು. ನರಸಿಂಹ ಒಮ್ಮೆ ಹಿಂದಕ್ಕೆ ನೋಡಿದ, ಮಗು ಸರಿಯಾಗಿ ಕೂತಿದೆಯೇ ಎಂದು. ಆಮೇಲೆ ಗೇರು ಹಾಕಿದ.

"ಈ ಬಸ್ಸು ದಿನಾ ಬರ್ತದಾ?" ಎಂದು ಅವಳು ಕೂಗಿ ಕೇಳಿದಳು.

"ನಾಳೆಯಿಂದ ಬರ್ತೀನಿ," ಎಂದ ನನ್ನ ಮಗ, ರಸ್ತೆಯ ಮೇಲಿನಿಂದ ಕಣ್ಣು ತೆಗೆಯದೆ. "ಶನಿವಾರ ಒಂದಿನ ಬರಲ್ಲ. ಎಂಜಿನ್ನಿನ ತಳ ಬಿಚ್ಚಿ ಬೋಲ್ಟು ನೋಡ್ಬೇಕು."

"ಅದ್ಯಾವ ಬೋಲ್ಟಪ್ಪಾ?"

"ಆರು ರಾಡಿಂದೂ ನೋಡ್ಬೇಕಕ್ಕ. ಶುಕ್ರವಾರವೇ ಹೋಗಿಬಂದ್ಬಿಡು," ಎಂದು ಹೇಳಿ ಅವನು ಹಾರನ್ ಹೊಡೆದ.